ಖರಾಬು

ರಾತ್ರಿ ಎರಡೂವರೆಗೆ ಸೌಂಡು ಬಂದ್ ಮಾಡಿ ನೋಡುತ್ತೇನೆ ರುದ್ರೋಜಿ,
ಮನೆಯವಳ ನಿದ್ದೆಗೆ ಹೆದರಿ ಅಲ್ಲ.
ಆ ಕಾಮೆಂಟರಿಯವರು ಪ್ರತಿ ಹೊಡೆತಕ್ಕೂ
ಗರ್ಭಗುಡಿಯಲ್ಲಿ ನಿಂತವರ ಹಾಗೆ ಪಿಸುಗುಡುತ್ತಾರೆ.
ಚೆಂಡು ಎಲ್ಲಿ ಬಿತ್ತು ಅಂತ ನನಗೇ ಕಾಣುತ್ತದೆ,
ಮೂವತ್ತೊಂದು ವರ್ಷ ಸರ್ವೆ ಚೈನು ಹಿಡಿದವನಿಗೆ.

ನಗಿ. ಸವಳಂಗ ರಸ್ತೆಯ ಈ ಟೀ ಅಂಗಡಿಯಲ್ಲಿ
ಗಾಲ್ಫ್ ನೋಡುವವನು ನಾನೊಬ್ಬನೇ, ಒಪ್ಪಿದೆ.
ನಿಮ್ಮ ಮೊಮ್ಮಗ ಎತ್ತಿದ ಸಿಕ್ಸು ಎಷ್ಟು ಮೀಟರು ಅಂತ
ಮೂರು ದಿನ ಹೇಳಿದಿರಿ, ಕೇಳಿದೆ.
ಗಾಲ್ಫಿಗೂ ಈಗ ಅದೇ ರೋಗ:
ಮುನ್ನೂರ ಮೂವತ್ತು ಗಜ, ಮುನ್ನೂರ ನಲವತ್ತು.
ಎಲ್ಲಿ ಬೀಳುತ್ತದೆ ಅನ್ನುವುದು ಆಮೇಲಿನ ಮಾತು.
ಉದ್ದ ಹುಲ್ಲಿಗೆ ಬಿದ್ದರೆ ಬೀಳಲಿ,
ಬಾವುಟಕ್ಕೆ ಹತ್ತಿರವಾಯಿತಲ್ಲ ಅನ್ನುತ್ತಾರೆ.
ಲೆಕ್ಕ ಸರಿಯೇ, ಲೆಕ್ಕದ ಮಟ್ಟಿಗೆ.
ಅದಕ್ಕೇ ಸಿಟ್ಟು.

ಕೆಲವು ಕಡೆ ಎರಡನೇ ದಿನ ಸೋತವರನ್ನು
ಮನೆಗೆ ಕಳಿಸುವ ಪದ್ಧತಿಯೂ ಇಲ್ಲ,
ಕೊನೆಯವನಿಗೂ ಗಂಟು.
ಪಿಂಚಣಿ ತಿನ್ನುವ ನಾನು ಇದನ್ನು ಹೇಳಬಾರದು.
ಹೇಳಿದೆ.

ಪಹಣಿಯಲ್ಲಿ ಖರಾಬು ಅಂತ ಒಂದು ಕಾಲಂ ಇದೆಯಲ್ಲ?
ಬಂಡೆ, ಹಳ್ಳ, ದರೆ, ದನ ಹೋಗುವ ದಾರಿ,
ಉಳಲು ಬಾರದ್ದು, ಕಂದಾಯವಿಲ್ಲದ್ದು.
ರೈತ ಅದನ್ನು ಕಳೆದು ಉಳಿದದ್ದನ್ನು ಜಮೀನು ಅನ್ನುತ್ತಾನೆ.
ಗಾಲ್ಫಿನಲ್ಲಿ ಖರಾಬೇ ಜಮೀನು.
ಆದರೆ ಮರಳಿನ ಗುಂಡಿಯನ್ನು ಅಂಚಿನಲ್ಲಿ,
ದಾರಿ ತಪ್ಪಿದವನಿಗೆ ದಂಡ ಅಂತ ತೋಡುವವನು
ಬರೀ ಟ್ರಾಫಿಕ್ ಪೊಲೀಸು.
ನಟ್ಟನಡುವೆ ತೋಡಬೇಕು,
ಎಲ್ಲರಿಗೂ ಚೆಂಡು ಬೀಳಿಸಬೇಕೆನಿಸುವ ಜಾಗದಲ್ಲೇ.
ಎಡಕ್ಕೋ, ಬಲಕ್ಕೋ, ಹಿಂದೆಯೇ ನಿಲ್ಲುತ್ತೀಯೋ,
ಯೋಚಿಸಿ ಹೊಡಿ ಮಗನೇ, ಅನ್ನಬೇಕು ನೆಲ.

ಕಳಸದ ಕಡೆ ಗುಡ್ಡದ ಮೇಲೆ ಎಸ್ಟೇಟಿನವರದೊಂದು ಕ್ಲಬ್ಬಿತ್ತು.
ಒಂಬತ್ತೇ ಕುಳಿ. ಗ್ರೀನು ಅಂದರೆ ಎಣ್ಣೆ ಕಲೆಸಿದ ಮರಳು,
ಹುಲ್ಲು ಕತ್ತರಿಸಲು ಕೂಲಿ ಲೈನಿನ ಹಸುಗಳು.
ಎಂಬತ್ತೇಳರಲ್ಲಿ ಗಡಿ ಅಳೆಯಲು ಹೋದೆ;
ಅರಣ್ಯದ ಗೆರೆ ನಾಲ್ಕನೇ ಕುಳಿಯ ಮೇಲೇ ಹಾಯುತ್ತಿದೆ ಅಂತ ತಕರಾರು.
ಅಲ್ಲೇ ನಡುವೆ ಒಂದು ನಂದಿ ಮರ.
ಕಡಿಯೋಣ ಅಂತ ಕಮಿಟಿ, ಬೇಡ ಅಂತ ಐರಿನ್ ಬಾಯಮ್ಮ.
ಅರವತ್ತೆಂಟು ವರ್ಷ, ರಬ್ಬರು ಬೂಟು, ಐದೇ ಕೋಲು.
ಮರದ ಮೇಲೆ ಹಾರಿಸುವ ಹುಡುಗರನ್ನು ನೋಡಿ ನಕ್ಕು
ಎಡಕ್ಕೆ, ಮೊಣಕಾಲೆತ್ತರದ ಹುಲ್ಲಿಗೆ ಗೇಣು ಈಚೆ,
ಚೆಂಡನ್ನು ಇಟ್ಟರು. ಹೊಡೆಯಲಿಲ್ಲ, ಇಟ್ಟರು.
ಅಲ್ಲಿಂದ ಮಾತ್ರ ಇಳಿಜಾರು ಬಾವುಟದ ಕಡೆ ಬಾಗುತ್ತದೆ.
ನನ್ನ ಡಂಪಿ ಲೆವೆಲ್ಲಿಗೆ ಒಂದೂವರೆ ದಿನ ಹಿಡಿದದ್ದು
ಆಕೆಯ ಪಾದಕ್ಕೆ ಗೊತ್ತಿತ್ತು.

"ಮರ ಯಾರ ಜಾಗದಲ್ಲಿದೆ ಸರ್ವೇಯರೇ?" ಅಂದರು ಸಂಜೆ.
ಗೆರೆಯಿಂದ ಎರಡು ಮೊಳ ಈಚೆ. ಕ್ಲಬ್ಬಿನದು.
ಹಾಗೇ ಬರೆದೆ, ರುಜು ಹಾಕಿದೆ.
ಬೇಸಿಗೆಯಲ್ಲಿ ಕಡಿದರು.
ಎರಡೇ ಮೊಳ ಸುಳ್ಳು ಬರೆದಿದ್ದರೆ
ಅದು ಅರಣ್ಯ ಇಲಾಖೆಯ ಮರ, ಇವತ್ತಿಗೂ ನಿಂತಿರುತ್ತಿತ್ತು.
ಲೆಕ್ಕ ಸರಿಯಿತ್ತು ರುದ್ರೋಜಿ.

ನಿನ್ನೆ ರಾತ್ರಿ ಒಬ್ಬ ಹುಡುಗ, ಎರಡು ಹೊಡೆತ ಮುಂದಿದ್ದವನು,
ಕೊನೆಯ ಕುಳಿಯಲ್ಲಿ ಕೆರೆಯ ಮೇಲೆಯೇ ಎತ್ತಿದ.
ಇಡೋ, ಇಡೋ ಅಂತ ನಾನು ಕೂಗಿ ಮನೆಯವಳು ಎದ್ದಳು.
ಚೆಂಡು ದಾಟಿತು, ನೋಡಿ. ಗೆದ್ದ.
ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ನಾನು ಆಡಿದ್ದೇನಾ ಅಂತಲಾ?
ಒಂದೇ ಸಲ, ಬಾಯಮ್ಮನ ಕೋಲಿನಲ್ಲಿ.
ನೇರ ಹೋಗಿ ನಂದಿ ಮರಕ್ಕೆ ಬಡಿದು
ನನ್ನ ಚೈನಿನ ಪಕ್ಕಕ್ಕೇ ವಾಪಸು ಬಂತು.
ಟೀ ದುಡ್ಡು ಇವತ್ತು ನೀವು ಕೊಡಿ.