ಆಫ್

ನಮ್ಮ ಗದಗಿನಲ್ಲಿ ಅದಕ್ಕೆ ಒಂದೇ ಕೆಲಸ.
ಗೋಡೆಯ ಮೇಲೊಂದು ಕರಿ ಗುಂಡಿ. ಮೇಲೆತ್ತಿದರೆ ಆಫ್.
ಫ್ಯಾನು ನಾಲ್ಕು ಸುತ್ತು ಸೋಮಾರಿಯಾಗಿ ತಿರುಗಿ
ನಿಲ್ಲುತ್ತಿತ್ತು.
ಇನ್ನೊಂದಿತ್ತು, ದನಿ ತಗ್ಗಿಸಿ ಆಡುವುದು:
ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನ ಹುಸೇನಸಾಬ
ಮುಂಜಾನೆ ಆಫ್ ಆದನಂತೆ.
ಯಾರೂ ಗುಂಡಿ ಹುಡುಕಲಿಲ್ಲ.

ಇಷ್ಟೇ ಬಂಡವಾಳ ಗಂಟು ಕಟ್ಟಿಕೊಂಡು
ಬ್ರಿಡ್‌ಲಿಂಗ್ಟನ್ನಿನ ಈ ವೃದ್ಧಾಶ್ರಮಕ್ಕೆ
ರಾತ್ರಿಪಾಳಿಯ ನರ್ಸಾಗಿ ಬಂದೆ.

ಮೊದಲ ವಾರವೇ ಪೆಟ್ಟು.
ಮೇಲಿನ ಮಹಡಿಯಿಂದ ಫೋನು:
ಹನ್ನೊಂದನೇ ರೂಮಿನ ಅಲಾರಾಂ ಆಫ್ ಹೋಗಿದೆ.
ಸದ್ಯ, ನಿಂತಿತಲ್ಲ, ಎಂದು ನಾನು
ಚಹಾಕ್ಕೆ ಸಕ್ಕರೆ ಹಾಕುತ್ತಿದ್ದೆ.
ಅಲ್ಲಿ ಅದು ಎದೆ ಬಡಿದುಕೊಳ್ಳುತ್ತಿತ್ತಂತೆ.

ಅಡುಗೆಯ ಡೆರೆಕ್ ಹಾಲಿನ ಡಬ್ಬಿ ಮೂಸಿ
ಮೂಗು ಸೊಟ್ಟ ಮಾಡಿ ಅಂದ: ಆಫ್.
ಅಲ್ಲಪ್ಪಾ,
ಹಾಲು ಕೆಡುತ್ತದೆ, ಒಡೆಯುತ್ತದೆ, ಹುಳಿಯಾಗುತ್ತದೆ,
ಅದಕ್ಕೂ ಟ್ಯೂಬ್‌ಲೈಟಿಗೂ ಒಂದೇ ಮಾತೇ?
ಪಾಳಿಯ ಹಲಗೆಯಲ್ಲಿ ನನ್ನ ಹೆಸರಿನ ಎದುರು
ಬುಧವಾರಕ್ಕೆ ಕೆಂಪು ಇಂಕಿನ ಆಫ್.
ಆ ದಿನ ಪೇಟೆಗೆ ಹೋದರೆ
ಉಣ್ಣೆಯ ಕೋಟಿನ ಕೊರಳಲ್ಲೂ ಅದೇ ಕೆಂಪು:
ನೂರಕ್ಕೆ ಮೂವತ್ತು ಆಫ್.
ಉಳಿದ ಎಪ್ಪತ್ತು ನನ್ನ ಹತ್ತಿರ ಇರಲಿಲ್ಲ.

ಒಂದಿರುಳು ಮೌರೀನ್ ಬಾಗಿಲಲ್ಲಿ ಪಿಸುಗುಟ್ಟಿದಳು:
ಎಡ್ನಾ ಡ್ರಾಪ್ಡ್ ಆಫ್.
ಬಿದ್ದಳು! ಚಪ್ಪಲಿ ಅಲ್ಲೇ ಬಿಟ್ಟು ಓಡಿ
ಟಾರ್ಚು ಹಿಡಿದು ಮಂಚದ ಕೆಳಗೆ ಹುಡುಕಿದೆ.
ಮಂಚದ ಮೇಲೆ ಎಡ್ನಾ,
ಹಲ್ಲಿನ ಸೆಟ್ಟು ಗ್ಲಾಸಿನಲ್ಲಿ, ಬಾಯಿ ಬಯಲು,
ಕೂಸಿನ ನಿದ್ದೆ.
ಮೌರೀನ್ ಇವತ್ತಿಗೂ ನೆನೆದು ನಗುತ್ತಾಳೆ.

ಈ ಎಡ್ನಾ ಓಲ್ಡ್‌ರಾಯ್ಡ್
ದಿನಾ ರಾತ್ರಿ ಎಂಟಕ್ಕೆ, ನಾನು ಬರುವ ಹೊತ್ತಿಗೆ,
ನೈಟಿಯ ಮೇಲೆ ಕೋಟು ಹಾಕಿ
ಬೀಗ ಜಡಿದ ಬಾಗಿಲ ಮುಂದೆ ಹೊರಟು ನಿಂತಿರುತ್ತಾಳೆ.
ಐ ಆಮ್ ಆಫ್, ಲವ್.
ಕೈಚೀಲದಲ್ಲಿ ಒಂದು ಬಾಚಣಿಗೆ,
ಕ್ಯಾಂಟೀನಿನಿಂದ ಕದ್ದ ಎರಡು ಸಕ್ಕರೆ ಪೊಟ್ಟಣ.
ಎಲ್ಲಿಗೆ ಎಂದು ಕೇಳಬಾರದು,
ತರಬೇತಿಯಲ್ಲಿ ಹೇಳಿದ್ದಾರೆ.
ನಮ್ಮಲ್ಲಿ ಹೋಗುತ್ತೇನೆ ಎಂದು ಯಾರೂ ಅನ್ನುವುದಿಲ್ಲ,
ಕಲಿಸಿದೆ ಅವಳಿಗೆ: ಹೋಗಿ ಬರತೇನಿ.
ಓಗಿ ಬತ್ತೇನಿ, ಅಂದಳು.
ಯಾರ್ಕ್‌ಶೈರಿಗೂ ಮಂಡ್ಯಕ್ಕೂ
ಹಕಾರ ಒಗ್ಗುವುದಿಲ್ಲ, ನೋಡಿ.
ಅಂದು ಕೋಟು ತಾನೇ ಬಿಚ್ಚಿದಳು.
ಬರುತ್ತೇನೆ ಎಂದ ಮೇಲೆ
ಹೋಗುವ ಅವಸರವೇನು?

ನವೆಂಬರಿನಲ್ಲಿ ಒಂದು ಸಂಜೆ ಅವಳು ನಿಂತಿರಲಿಲ್ಲ.
ಕಿಟಕಿಯ ಹತ್ತಿರ ಕುಳಿತು
ಕಡಲಿನ ಗಾಳಿಗಿರಣಿಗಳ ಕೆಂಪು ದೀಪ ನೋಡುತ್ತಿದ್ದಳು.
ಅವಕ್ಕೆ ಇಲ್ಲಿ ಆಫ್‌ಶೋರ್ ಎನ್ನುತ್ತಾರೆ.
ಆಫ್ ಎಂದರೂ ಉರಿಯುತ್ತವೆ, ತಿರುಗುತ್ತವೆ, ದಡ ಬಿಟ್ಟು.
ಫೀಲಿಂಗ್ ಎ ಬಿಟ್ ಆಫ್, ಅಂದಳು.
ಜ್ವರ ಇಲ್ಲ. ನಾಡಿ ಸರಿ. ಬಿಪಿ ಸರಿ.
ಚಾರ್ಟಿನಲ್ಲಿ ಬರೆಯಲು ಬೇರೆ ಏನೂ ಸಿಗದೆ
ಅವಳ ಮಾತನ್ನೇ ಬರೆದೆ.

ನಾಲ್ಕೂ ನಲವತ್ತಕ್ಕೆ ಡಾಕ್ಟರು ಬಂದರು.
ಸಮಯಕ್ಕೊಂದು ಖಾನೆ, ಸಹಿಗೊಂದು ಖಾನೆ.
ಎಲ್ಲ ತುಂಬಿ, ಕೋಟು ಮಡಚಿಟ್ಟು,
ಅವಳ ತಲೆದಿಂಬಿನ ಪಕ್ಕದ ದೀಪಕ್ಕೆ ಕೈ ಚಾಚಿದೆ.

ಅವ್ವ ಯಾವತ್ತೂ ದೀಪ ಆರಿಸು ಎಂದವಳಲ್ಲ.
ದೀಪ ದೊಡ್ಡದು ಮಾಡು, ಅನ್ನುತ್ತಿದ್ದಳು.
ಆರಿಸುವುದಕ್ಕೇ ಹಾಗನ್ನುವುದು ಎಂದು
ತಿಳಿಯುವ ತನಕ ನಾನು
ಬತ್ತಿ ಎತ್ತರಿಸಿ ಬೈಸಿಕೊಳ್ಳುತ್ತಿದ್ದೆ.

ಗುಂಡಿಯ ಮೇಲೆ ಬೆರಳು ಹಾಗೇ ಇತ್ತು.
ಬೆಳಗಾದರೂ ಆ ದೀಪ ಸುಮ್ಮನೆ ಉರಿಯುತ್ತಿತ್ತು,
ಕರೆಂಟು ದಂಡ.

ಏಳೂವರೆಗೆ ಮೌರೀನ್ ಬಂದಳು, ಕೆಂಪು ಕಣ್ಣು.
ಹೊರಟೆಯಾ, ಎಂದು ಕೇಳುವುದಕ್ಕೂ
ಅವರಲ್ಲಿ ಅದೇ ಎರಡಕ್ಷರ: ಯೂ ಆಫ್?

ಚೀಲ ಹೆಗಲಿಗೇರಿಸಿದೆ.
ನನ್ನ ಬಾಯಿಂದಲೂ ಹಕಾರ ಬಿದ್ದುಹೋಗಿತ್ತು.
ಓಗಿ ಬತ್ತೇನಿ.