ಬೇಬಾಕಿ

ಚಿತ್ತಾಪುರದ ತಹಸೀಲ್ ಕಚೇರಿ ಎದುರು, ಬೇವಿನ ಗಿಡದ ಕೆಳಗೆ
ಮೂವತ್ತೊಂದು ವರ್ಷ ಕರಾರು ಬರೆದಿದ್ದೇನೆ.
ಎಷ್ಟು ಎಂದು ಕೇಳಬೇಡಿ.
ಮುರಿದವು ನೆನಪಿವೆ, ಅವು ಮರಳಿ ಬಂದವು
ವಕೀಲರ ಕಂಕುಳಲ್ಲಿ, ಕೆಂಪು ದಾರ ಕಟ್ಟಿಸಿಕೊಂಡು,
ನನ್ನ ಅಕ್ಷರವನ್ನು ನನಗೇ ತೋರಿಸಿ
'ಇದು ನಿಮ್ಮದೇನು?' ಎಂದು ಕೇಳಲು.

ಮುರಿಯದವು ಬರಲಿಲ್ಲ.
ನಡೆದುಹೋದ ಕರಾರಿಗೆ ಸಾಕ್ಷಿ ಬೇಡ, ಸಮನ್ಸು ಬೇಡ.
ಅದು ಯಾರದೋ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ
ಸುಮ್ಮನೆ ಹಳದಿಯಾಗುತ್ತದೆ,
ಇಲ್ಲವೆ ಮಿರ್ಚಿ ಭಜಿಯ ಎಣ್ಣೆ ಕುಡಿಯುತ್ತದೆ.

ಅದಕ್ಕೇ ಲಾಡ್ಲೇಸಾಬ ಬಂದಾಗ ಅಚ್ಚರಿ.
ಪರ್ಸಿ ಹಾಸುವವ, ಖಣಿಯ ಬೂದಿಬಣ್ಣ ಹುಬ್ಬಿನವರೆಗೂ.
ಮಡಿಕೆ ಬಿಚ್ಚಿದ. ನಾನೇ ಬರೆದದ್ದು, ಶ್ರಾವಣದಲ್ಲಿ:
ಬಸಂತಾಬಾಯಿಯ ರೊಟ್ಟಿ ಕೇಂದ್ರಕ್ಕೆ
ಆರುನೂರ ನಲವತ್ತು ಚದರಡಿ ನೆಲ,
ಬನ್ನಿ ಹಬ್ಬದ ಒಳಗೆ,
ಬಚ್ಚಲ ಕಡೆಗೆ ಇಳಿಜಾರು, ನೀರು ನಿಲ್ಲತಕ್ಕದ್ದಲ್ಲ.

"ಕೆಲಸ ಮುಗದದ್ರಿ. ಇದನ್ನೂ ಮುಗಸಿ ಕೊಡ್ರಿ."
ಮುಗಿಸುವುದೇನೂ ಇಲ್ಲ ಎಂದೆ.
ನೀ ಹಾಸಿದೆ, ಆಕೆ ಕೊಟ್ಟಳು, ಅಲ್ಲಿಗೆ ಅದು ತೀರಿತು.
"ತೀರಿತಂದ್ರ?"
ತಡವರಿಸಿದೆ. ನಮ್ಮ ಮಾತಿನಲ್ಲಿ ಸಾಲವೂ ತೀರುತ್ತದೆ,
ನೀರಡಿಕೆಯೂ, ಮನುಷ್ಯನೂ.
"ಮನಷ್ಯಾ ತೀರಿದ್ರ ಒಂದ್ ಹಿಡಿ ಮಣ್ಣರೆ ಕೊಡ್ತೀವಲ್ರಿ."

ಎದ್ದೆ. ಅವನ ಗಾಡಿಯ ಹಿಂದೆ ಕೂತೆ.
ದಾರಿಯಲ್ಲಿ ಹೇಳಿದ, ಮೊದಲ ಸಲ ಕಲ್ಲು ತಂದಾಗ ಬಾಗಿಲಿಗೆ ಕೀಲಿ.
ಎದುರುಮನೆ ಮುದುಕಿಗೆ ಟ್ರ್ಯಾಕ್ಟರು ತೋರಿಸಿ
'ಬಂದಿದ್ದೆ ಅಂತ ಹೇಳವ್ವ' ಎಂದು ತಿರುಗಿದನಂತೆ.
ಕಾನೂನು ಅಷ್ಟನ್ನೇ ಕೇಳುತ್ತದೆ. ಅವನಿಗದು ಗೊತ್ತಿರಲಿಲ್ಲ.
ಹೊಸ್ತಿಲ ಬಳಿ ಒಂದು ಕಲ್ಲಿನ ಮೂಲೆ ಹಾರಿತ್ತು,
ಜೋಳದ ಕಾಳಿನಷ್ಟು.
"ಆಕಿ ನೋಡಿರ್ಲಿಲ್ಲ. ಕಲ್ಲು ನನ್ನ ಕಡಿ ನೋಡ್ತಿತ್ತು."
ಕಾಳಿನಷ್ಟನ್ನು ಯಾವ ನ್ಯಾಯಾಧೀಶರೂ ಬಿಟ್ಟಾರು.
ಇವನು ಕಿತ್ತು, ಬೇರೆ ಕೂಡಿಸಿದ,
ತನ್ನ ಕಲ್ಲು, ತನ್ನ ಸಿಮೆಂಟು, ತನ್ನ ರಾತ್ರಿ.

ಒಳಗೆ ಹನ್ನೊಂದು ಜನ ಹೆಂಗಸರು.
ರೊಟ್ಟಿ ಬಡಿವ ಸಪ್ಪಳ ಗೋಡೆ ಹತ್ತಿ ನೆಲಕ್ಕೆ ಇಳಿಯುತ್ತಿತ್ತು.
ಬಸಂತಾಬಾಯಿ ಹಿಟ್ಟಿನ ಕೈಯಲ್ಲೇ ಬಂದಳು.
ಕಡೆಯ ಕಂತು ನಾಲ್ಕು ಸಾವಿರದ ಮುನ್ನೂರು,
ನಿನ್ನೆ ಹತ್ತರ ನೋಟುಗಳಲ್ಲಿ ಎಣಿಸಿ ಕೊಟ್ಟಿದ್ದಳು,
ಒಂದೊಂದು ನೋಟು ಒಂದೊಂದು ರೊಟ್ಟಿ.
"ಮತ್ತೇನ್ ಬೇಕಂತ್ರಿ ಈ ಮನಷ್ಯಾಗ?"
ನನ್ನನ್ನು ಕೇಳಿದಳು, ಅವನು ಅಲ್ಲಿಲ್ಲವೆಂಬಂತೆ.

ಏನು ಹೇಳಲಿ.
ಎರಡು ತಿಂಗಳು ಒಂದೇ ಹಾಳೆಯ
ಎರಡು ತುದಿ ಹಿಡಿದಿದ್ದವರು.
ಇನ್ನು ಸಂತೆಯಲ್ಲಿ ಎದುರಾದರೆ
ಮಾತಾಡಿಸಿದರೂ ಸರಿ, ಮಾತಾಡಿಸದಿದ್ದರೂ.

ಲಾಡ್ಲೇಸಾಬ ಮೂಲೆಯ ಕೊಡ ತೋರಿಸಿದ. "ಸುರೀರಿ."
ಆಕೆ ಎತ್ತಿ ಸುರಿದಳು, ಬಚ್ಚಲಿಗೆ ಅತಿ ದೂರದ ಗೋಡೆಯ ಬುಡಕ್ಕೆ.
ಬಡಿವ ಕೈಗಳು ನಿಂತವು.
ನೀರು ಮೊದಲು ಯೋಚಿಸಿತು.
ಆಮೇಲೆ ಕಲ್ಲಿನಿಂದ ಕಲ್ಲಿಗೆ, ಸಂದು ದಾಟಿ,
ಒಲೆಗಳ ಮುಂದಿನ ಹಿಟ್ಟಿನ ಪುಡಿ ಹೊತ್ತು,
ಯಾರನ್ನೂ ಕೇಳದೆ ಹೊರಟುಹೋಯಿತು.
ಹಿಂದೆ ಒಂದು ಒದ್ದೆ ಮಿನುಗು.
ಅದೂ ಆರತೊಡಗಿತು.

"ಹರದು ಹೋತು," ಎಂದಳು ಬಸಂತಾಬಾಯಿ.
ಅವನು ಕಾಗದ ನನ್ನ ಕೈಗಿಟ್ಟ.
ಅದರ ಬೆನ್ನಿಗೆ ಬರೆದೆ: ಬೇಬಾಕಿ.
ಕಾನೂನಿಗೆ ಬೇಡವಾದ ಮೂರು ಅಕ್ಷರ. ಫೀಸು ಕೇಳಲಿಲ್ಲ.

ಹೊರಡುವಾಗ ಆಕೆ ಎರಡು ಬಿಸಿ ರೊಟ್ಟಿ, ಮೇಲೊಂದು ಮುದ್ದೆ ಪುಂಡಿಪಲ್ಯ
ಅವನ ಕೈಯಲ್ಲಿಟ್ಟಳು.
"ಇದು ಕರಾರಿನ್ಯಾಗ ಇಲ್ಲಲ್ರಿ?"
"ಇಲ್ಲ. ಅದಕ್ಕ ಕೊಡ್ಲಕತ್ತೀನಿ."