ಚಿಲ್ಲರೆ

ಬನ್ನಿ, ಅಲ್ಲಿ ಬಿಸಿಲು. ಈಚೆ ಬದಿ ಕೂತುಕೊಳ್ಳಿ.
ಕುರ್ಚಿ ಸಣ್ಣದು, ಅಂಗನವಾಡಿಯದ್ದು,
ಎರಡನೇ ಶನಿವಾರ ಮಾತ್ರ ನಮಗೆ.
ಫೈಲು ಮಡಿಲಲ್ಲೇ ಇರಲಿ;
ಮೊದಲ ದಿನ ನಾನೂ ಹೀಗೇ ಎದೆಗವಚಿಕೊಂಡಿದ್ದೆ,
ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ.

ನಾನು ಡಾಕ್ಟರಲ್ಲ. ಪುರಂದರ.
ಸ್ಟೇಟ್‌ಬ್ಯಾಂಕ್‌ನಿಂದ ಸುರತ್ಕಲ್, ದಿನಕ್ಕೆ ಎಂಟು ಟ್ರಿಪ್,
ಒಂದು ಚರ್ಮದ ಚೀಲ, ಒಂದು ಸೀಟಿ.
ನಿಮಗೆ ಹೇಳುವುದೆಲ್ಲ ಆ ಚೀಲದಿಂದಲೇ.

ಮಗಳು ಯಶಿಕಾ. ಕುಣಿಯುವವಳಲ್ಲ, ಕಿರುಚುವವಳಲ್ಲ,
ಬೆಂಚಿನಲ್ಲಿ ಕೂತೇ ಕಾಣೆಯಾಗುವವಳು.
ಟೀಚರು ಭಾಗಾಕಾರ ಬರೆಯುವಷ್ಟರಲ್ಲಿ
ಕಿಟಕಿಯಾಚೆಯ ಅಳಿಲಿನ ಹಿಂದೆ
ಅರ್ಧ ಕುಳಾಯಿ ಸುತ್ತಿ ಬರುತ್ತಿದ್ದಳು.
ಐದನೇ ಕ್ಲಾಸಿನವರೆಗೆ 'ಪಾಪದ ಹುಡುಗಿ'.
ಆರಕ್ಕೆ ಬಂದಾಗ 'ಉದಾಸೀನ'.
ನಾನೂ ಹಾಗೇ ಬೈದೆ. ಬೈದದ್ದು ಮಾತ್ರವಲ್ಲ,
ಮೂರನೇ ಕೊಡೆ ಕಳೆದು ಬಂದ ಸಂಜೆ
ಕೈಯೂ ಎತ್ತಿದೆ.
ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಅತ್ತೆ ನೂಲು ಕಟ್ಟಿಸಿದರು. ಪಕ್ಕದ ಮನೆಯವರು ಬಾದಾಮಿ ಹೇಳಿದರು.
ಸುಗಂಧಿ ಬೀಡಿಯ ಎಲೆ ಕತ್ತರಿಸುತ್ತಾ, ತಲೆ ಎತ್ತದೆ,
'ಜ್ವರ ಬಂದ್ರೆ ಡಾಕ್ಟರ ಹತ್ರ ಹೋಗುದಿಲ್ವಾ?'
ಹೋದೆವು.

ಡಾಕ್ಟರಮ್ಮ ಕೇಳುತ್ತಾ ಹೋದರು:
ಸಾಮಾನು ಕಳೆಯುತ್ತಾಳಾ? ಸರದಿಗೆ ಕಾಯಲು ಕಷ್ಟವಾ?
ಕರೆದರೂ ಕೇಳದ ಹಾಗೆ ಇರುತ್ತಾಳಾ?
ಒಂದೊಂದಕ್ಕೂ ಸುಗಂಧಿ ಮಗಳನ್ನು ಬಿಟ್ಟು
ನನ್ನ ಮುಖ ನೋಡಿದಳು.

ಒಂಬತ್ತರಲ್ಲಿ ಎರಡು ಸಲ ಫೇಲಾಗಿ ಶಾಲೆ ಬಿಟ್ಟವನು
ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ಮಾತ್ರ
ಯಾಕೆ ನೆಮ್ಮದಿಯಾಗಿ ನಿಲ್ಲುತ್ತಾನೆಂದು
ನಲವತ್ತೊಂದನೇ ವಯಸ್ಸಿಗೆ ಗೊತ್ತಾಯಿತು.
ಎಪ್ಪತ್ತು ಮುಖ, ಯಾರು ಎಲ್ಲಿ ಇಳಿಯುತ್ತಾರೆ,
ಯಾರಿಗೆ ಎಷ್ಟು ಬಾಕಿ, ಎಲ್ಲ ನೆನಪು.
ಮನೆಗೆ ತರಬೇಕಾದ ಹಾಲು? ಉಹುಂ.

ಆ ರಾತ್ರಿ ಚೀಲ ಮಗುಚಿ ಎಣಿಸುವಾಗ ಹೊಳೆಯಿತು.
ಗಮನ ಇಲ್ಲದ್ದಲ್ಲ ಮಾರಾಯ್ರೆ,
ಇರುವುದು ಚಿಲ್ಲರೆಯಲ್ಲಿ.
ಐನೂರರ ನೋಟು ಕೇಳಿ ಕೇಳಿ
ನಾವು ಅವಳನ್ನು ಬಡವಿ ಮಾಡಿದ್ದು.

ಒಂದು ಗಂಟೆಯ ಓದನ್ನು ಒಡೆದೆವು:
ಹತ್ತು ನಿಮಿಷ, ಎದ್ದು ಮಲ್ಲಿಗೆಗೆ ಒಂದು ಚೆಂಬು ನೀರು,
ಮತ್ತೆ ಹತ್ತು.
ನನ್ನ ಸೀಟಿ ಒಂದು ಸಲ: ನಿಲ್ಲು.
ಎರಡು ಸಲ: ರೈಟ್, ಪೋಯಿ!
ಬಾಗಿಲಿಗೆ ರೂಟ್ ಬೋರ್ಡು ಬರೆದು ತೂಗಿಸಿದೆ,
ಹಲ್ಲು, ಸ್ನಾನ, ತಿಂಡಿ, ಚೀಲ, ಕೊಡೆ.
ಕೊಟ್ಟಾರ ದಾಟದೆ ಕೂಳೂರಿಲ್ಲ,
ಚೀಲ ತುಂಬದೆ ಚಪ್ಪಲಿಯಿಲ್ಲ.

ಶಾಲೆಯಲ್ಲಿ ಲಿಡ್ವಿನ್ ಟೀಚರು ಮೊದಲ ಬೆಂಚಿಗೆ ಕರೆದು
ಗಂಟೆ ಹೊಡೆಯುವ ಕೆಲಸ ಕೊಟ್ಟರು.
ಮೊದಲ ವಾರ ಏಳು ನಿಮಿಷ ಮುಂಚೆಯೇ ಊಟದ ಗಂಟೆ.
ಮಕ್ಕಳೆಲ್ಲ ಅವಳ ಪಾರ್ಟಿ.

ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಿ, ಬಿಡಬೇಡಿ.
ಅರ್ಜಿ, ಸರ್ಟಿಫಿಕೇಟು, ಸೀಲು, ಸಾಹೇಬರಿಲ್ಲ ನಾಳೆ ಬನ್ನಿ;
ನನಗೆ ನಾಲ್ಕು ರಜೆ ಹೋಯಿತು.
ಭಿಕ್ಷೆ ಅಲ್ಲ ಅದು.
ಮೀನಿನ ಬುಟ್ಟಿಯ ಅಜ್ಜಿ ಇಳಿಯುವಾಗ
ಬಸ್ಸು ಸ್ವಲ್ಪ ಹೊತ್ತು ಹೆಚ್ಚು ನಿಲ್ಲುವುದಿಲ್ಲವಾ?

ಮಾತ್ರೆಯ ವಿಷಯ ಡಾಕ್ಟರಮ್ಮನಲ್ಲೇ ಕೇಳಿ,
ನಮ್ಮದು ನಿಮ್ಮವನಿಗೆ ಆಗಬೇಕೆಂದಿಲ್ಲ.
ಅತ್ತೆಯ ನೂಲನ್ನು ನಾವು ಬಿಚ್ಚಲೂ ಇಲ್ಲ.

ಎಲ್ಲ ಸರಿಯಾಯಿತಾ ಎಂದು ಕೇಳುತ್ತೀರಿ.
ನಿನ್ನೆ ಮತ್ತೆ ಕೊಡೆ ಮರೆತಳು, ನನ್ನ ಬಸ್ಸಿನಲ್ಲೇ.
ಕೊನೆಯ ಟ್ರಿಪ್ಪಿನಲ್ಲಿ ನನಗೆ ಸಿಕ್ಕಿತು,
ಮನೆಗೆ ಒಯ್ಯಬೇಕೆಂದು ಡ್ರೈವರನ ಹಿಂದೆ ನೇತುಹಾಕಿದೆ.
ಅಲ್ಲೇ ಇದೆ.
ಇಬ್ಬರೂ ಒದ್ದೆಯಾಗಿ ನಿಂತಾಗ
ಸುಗಂಧಿ ಬಾಗಿಲಲ್ಲಿ ಟವೆಲು ಹಿಡಿದು ನಕ್ಕಳು,
ಆ ನಗು ಮೊದಲು ಇರಲಿಲ್ಲ.

ಅಗೊ, ಮೇಜಿನಡಿ ನಿಮ್ಮ ಹುಡುಗ
ನನ್ನ ಚೀಲದಿಂದ ಸೀಟಿ ತೆಗೆದಾಯಿತು.
ಬಿಡಿ, ಗದರಬೇಡಿ.
ಊದಲಿ.